ಅರ್ಧಕ್ಕೆ ಬಿಟ್ಟದ್ದನ್ನು ಎಲ್ಲಿಡೋದು?

ಅದೊಂದು ಭಾನುವಾರ ಸಂಜೆ. ಊಟದ ಟೇಬಲ್ ಮೇಲೆ ಹಳೆ ಪೇಪರ್ ಹಾಸಿಕೊಂಡು, ಕೀ ಕೊಡುವ ಗಡಿಯಾರವೊಂದನ್ನು ಬಿಚ್ಚಿ ಕೂತಿದ್ದೆ. ಮೊದಲು ಗಡಿಯಾರವನ್ನು ಓಡಿಸುವ ಮೇನ್ ಸ್ಪ್ರಿಂಗಿನ ಬಿಗಿಯನ್ನು ನಿಧಾನಕ್ಕೆ ಇಳಿಸಿದ್ದೆ. ಅದನ್ನು ಇಳಿಸದೆ ಚಕ್ರಗಳನ್ನು ಹಿಡಿದಿರುವ ಪ್ಲೇಟು ತೆಗೆದರೆ ಸ್ಪ್ರಿಂಗು ಒಂದೇ ಏಟಿಗೆ ಬಿಚ್ಚಿಕೊಂಡು ಬೆರಳನ್ನೂ ಕೊಯ್ಯುತ್ತದೆ, ಚಕ್ರದ ಹಲ್ಲನ್ನೂ ಮುರಿಯುತ್ತದೆ. ಆಮೇಲೆ ಒಂದೊಂದೇ ಚಕ್ರ ತೆಗೆದು, ತೆಗೆದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟೆ. ಯಾವ ಸ್ಕ್ರೂ ಎಲ್ಲಿಂದ ಬಂತೋ ಆ ಚಕ್ರದ ಪಕ್ಕದಲ್ಲೇ ಅದು. ಪೇಪರಿನಲ್ಲಿದ್ದ ಒಂದು ಜಾಹೀರಾತಿನ ಅಂಚೇ ನನಗೆ ಗುರುತಿನ ಗೆರೆ. ಫೋನಿನಲ್ಲಿ ಫೋಟೋ ತೆಗೆಯೋಣ ಅಂದುಕೊಂಡೆ, ಕೈಗೆ ಎಣ್ಣೆ ಆಗಿತ್ತು, ಆಮೇಲೆ ನೋಡೋಣ ಅಂತ ಬಿಟ್ಟೆ. ಅಷ್ಟರಲ್ಲಿ ಹೆಂಡತಿಯ ಫೋನು ಬಾರಿಸಿತು. ಯಾರೋ ನೆಂಟರು. "ಇಲ್ಲೇ ಹತ್ತಿರ ಇದ್ದೀವಿ, ಹತ್ತು ನಿಮಿಷ ಬಂದು ಹೋಗ್ತೀವಿ." ಅವಳು ನನ್ನ ಕಡೆ ನೋಡಿದಳು. "ರೀ, ಟೇಬಲ್..." ಅಂದಳು, ಅಷ್ಟೇ.

ಅವಳದ್ದೇನೂ ತಪ್ಪಿಲ್ಲ. ಆ ಟೇಬಲ್ ನನ್ನದಲ್ಲ, ಮನೆಯದ್ದು. ಪೇಪರಿನ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿದ ಹಾಗೆ ಎತ್ತಿ, ಒಂದು ಡಬ್ಬಕ್ಕೆ ಇಳಿಸಿ, ಬೀರುವಿನ ತಲೆ ಮೇಲೆ ಇಟ್ಟೆ. ಒಳಗೆ ಎಲ್ಲಾ ಸೇರಿ ಕಿಣಿಕಿಣಿ ಅಂದ ಸದ್ದು ಈಗಲೂ ಕಿವಿಯಲ್ಲಿದೆ. ನೆಂಟರು ಬಂದರು, ಹತ್ತು ನಿಮಿಷ ಎರಡು ಗಂಟೆ ಆಯಿತು, ಹೋದರು. ರಾತ್ರಿ ಡಬ್ಬ ಇಳಿಸಿ ನೋಡಿದೆ. ಚಕ್ರಗಳೆಲ್ಲಾ ಸಿಕ್ಕವು. ಅವುಗಳ ಸಾಲು ಸಿಗಲಿಲ್ಲ.

ಆ ಡಬ್ಬ ಮತ್ತೆ ಬೀರುವಿನ ಮೇಲೇರಿತು. ನಾಲ್ಕು ತಿಂಗಳು ಅಲ್ಲೇ ಇತ್ತು. ಆ ನಾಲ್ಕು ತಿಂಗಳೂ ನಾನು ಎಲ್ಲರ ಹತ್ತಿರ ಹೇಳುತ್ತಿದ್ದದ್ದು ಒಂದೇ ಮಾತು: "ಜಾಗ ಇಲ್ಲ ಮಾರಾಯ. ಒಂದು ಸಣ್ಣ ರೂಮಿದ್ದಿದ್ದರೆ..."

ಜಾಗ ಇಲ್ಲ ಅನ್ನೋ ಮಾತು

ಈ ಮಾತು ಹೇಳಿಕೊಂಡು ತಿರುಗೋದು ಸುಲಭ. ಹಳೆ ರೇಡಿಯೋ ರಿಪೇರಿ ಮಾಡುವವರು, ಬಣ್ಣ ಬಳಿಯುವವರು, ಹೊಲಿಯುವವರು, ಸಣ್ಣ ವಿಮಾನದ ಮಾಡೆಲ್ ಅಂಟಿಸುವವರು, ಯಾರನ್ನು ಕೇಳಿದರೂ ಇದೇ ಹಾಡು. ಒಂದು ಕೋಣೆ, ಗೋಡೆ ತುಂಬಾ ಸಲಕರಣೆ, ಮಧ್ಯೆ ದಪ್ಪ ಹಲಗೆಯ ಬೆಂಚು. ವಿಡಿಯೋಗಳಲ್ಲಿ ಅಂಥದ್ದೇ ತೋರಿಸುತ್ತಾರೆ. ನೋಡ್ತಾ ನೋಡ್ತಾ ನನಗೂ ಅದೇ ಬೇಕು ಅನ್ನಿಸಿತ್ತು. ಕೋಣೆ ಇಲ್ಲದವನು ಏನು ಮಾಡ್ತಾನೆ? ಕೋಣೆಯೊಳಗೆ ಇಡುವ ಸಾಮಾನನ್ನು ಮೊದಲು ತರುತ್ತಾನೆ. ನಾನೂ ಹಾಗೇ ಮಾಡಿದೆ. ಮೂವತ್ತು ಡ್ರಾಯರಿನ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಬಂತು. ತೂತು ತೂತಿನ ಪೆಗ್‌ಬೋರ್ಡ್ ಬಂತು. ಅದನ್ನು ಹೊಡೆಯಲು ಗೋಡೆಯೇ ಇರಲಿಲ್ಲ, ಮಂಚದ ಹಿಂದೆ ಒರಗಿಸಿಟ್ಟೆ. ಇದ್ದ ಜಾಗವೂ ಕಡಿಮೆಯಾಯಿತು.

ಆಮೇಲೆ ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. ಹಿಂದಿನ ಒಂದು ವರ್ಷದಲ್ಲಿ ನಾನು ಕೈಬಿಟ್ಟ ಕೆಲಸಗಳು ಎಷ್ಟು, ಯಾಕೆ? ಏಳು ಸಿಕ್ಕವು. ಕೂತು ಕೆಲಸ ಮಾಡಲು ಜಾಗ ಸಿಗದೆ ನಿಂತದ್ದು ಅದರಲ್ಲಿ ಒಂದೂ ಇಲ್ಲ. ಕೂರಲು ಟೇಬಲ್ ಯಾವಾಗಲೂ ಸಿಗುತ್ತಿತ್ತು. ರಾತ್ರಿ ಒಂಬತ್ತರ ಮೇಲೆ ಊಟದ ಟೇಬಲ್ ಖಾಲಿಯೇ. ಏಳರಲ್ಲಿ ಆರು ನಿಂತದ್ದು ಎತ್ತಿಡುವಾಗ. ಅರ್ಧ ಆಗಿದ್ದನ್ನು ಎತ್ತಿ, ಕಲಸಿ, ಡಬ್ಬಕ್ಕೆ ತುಂಬಿದಾಗ. ಮಾರನೇ ದಿನ ಆ ಡಬ್ಬ ತೆಗೆದರೆ ಮುಂದಿರೋದು ನಿನ್ನೆಯ ಕೆಲಸದ ಮುಂದಿನ ಭಾಗ ಅಲ್ಲ. ನಿನ್ನೆ ಎಲ್ಲಿದ್ದೆ ಅಂತ ಹುಡುಕೋ ಹೊಸದೊಂದು ಕೆಲಸ. ಸಿಗೋದೇ ಒಂದು ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ಹರಡೋಕೆ, ಇಪ್ಪತ್ತು ನಿಮಿಷ ನೆನಪು ಮಾಡಿಕೊಳ್ಳೋಕೆ, ಹತ್ತು ನಿಮಿಷ ಎತ್ತಿಡೋಕೆ. ಉಳಿದ ಹತ್ತು ನಿಮಿಷಕ್ಕೆ ಯಾರು ತಾನೇ ಶುರು ಮಾಡ್ತಾರೆ?

ಅರ್ಧಕ್ಕೆ ನಿಂತ ಕೆಲಸ ತಲೆಯಲ್ಲಿ ಕೊರೆಯುತ್ತದೆ ಅನ್ನುತ್ತಾರಲ್ವಾ? ಬ್ಲೂಮಾ ಜೈಗಾರ್ನಿಕ್ ಅನ್ನುವ ಮನಃಶಾಸ್ತ್ರಜ್ಞೆ ಬರ್ಲಿನ್‌ನಲ್ಲಿ ಇದ್ದಾಗ ಇದನ್ನೇ ಪರೀಕ್ಷೆ ಮಾಡಿ 1927ರಲ್ಲಿ ಪ್ರಕಟಿಸಿದರು. ಮುಗಿಸಿದ ಕೆಲಸಕ್ಕಿಂತ ಮಧ್ಯದಲ್ಲಿ ತಡೆದ ಕೆಲಸವೇ ಜನರಿಗೆ ಚೆನ್ನಾಗಿ ನೆನಪಿರುತ್ತದೆ ಅಂತ ಅವರಿಗೆ ಕಂಡಿತ್ತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲರಿಗೂ ಅದೇ ಫಲ ಬರಲಿಲ್ಲ, ಆ ಮಾತು ಬೇರೆ. ನನ್ನ ಅನುಭವದಲ್ಲಿ ಅರ್ಧ ನಿಜ. ಗಡಿಯಾರ ಬಾಕಿ ಇದೆ ಅನ್ನೋದು ನಾಲ್ಕು ತಿಂಗಳೂ ನೆನಪಿತ್ತು, ಬೇಡ ಅನ್ನುವಷ್ಟು ನೆನಪಿತ್ತು. ಮೂರನೇ ಚಕ್ರ ಯಾವುದು, ನಾಲ್ಕನೇದು ಯಾವುದು ಅನ್ನೋದು ಮಾತ್ರ ಮೊದಲ ರಾತ್ರಿಯೇ ಹೋಗಿತ್ತು. ಕೊರೆಯೋ ನೆನಪು ಉಳಿಯುತ್ತದೆ, ಕೆಲಸಕ್ಕೆ ಬರೋ ನೆನಪು ಹೋಗುತ್ತದೆ. ಅದು ಇದ್ದದ್ದು ಆ ಪೇಪರಿನ ಮೇಲೆ.

ಅಮ್ಮನ ಮಷೀನು

ಆಗ ನೆನಪಾದದ್ದು ಅಮ್ಮನ ಹೊಲಿಗೆ ಮಷೀನು. ನಾನು ಚಿಕ್ಕವನಿದ್ದಾಗಿನ ಮನೆ ಇದಕ್ಕಿಂತ ಸಣ್ಣದು. ಮಷೀನು ಕಿಟಕಿ ಪಕ್ಕ ಇತ್ತು, ಆ ಜಾಗವನ್ನು ನನ್ನ ಓದು, ಅಪ್ಪನ ರೇಡಿಯೋ, ಮಡಚದ ಬಟ್ಟೆ ಎಲ್ಲವೂ ಹಂಚಿಕೊಂಡಿದ್ದವು. ಅಮ್ಮನಿಗೆ ಒಂದೇ ಸಲಕ್ಕೆ ಒಂದು ಗಂಟೆ ಸಿಕ್ಕಿದ್ದನ್ನು ನಾನು ನೋಡಿಲ್ಲ. ಹದಿನೈದು ನಿಮಿಷ, ಹತ್ತು ನಿಮಿಷ, ಕೆಲವು ಸಲ ಒಂದೇ ಹೊಲಿಗೆ ಸಾಲು. ಆದರೂ ಅವಳು ಹಿಡಿದದ್ದು ಮುಗಿಯುತ್ತಿತ್ತು.

ಹೇಗೆ ಅಂತ ಈಗ ಅರ್ಥವಾಗುತ್ತದೆ. ಯಾರಾದರೂ ಕರೆದರೆ ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಹೊರಗೆ ಎಳೆಯುತ್ತಿರಲಿಲ್ಲ. ಚಕ್ರವನ್ನು ಕೈಯಲ್ಲಿ ಒಂದಿಷ್ಟು ತಿರುಗಿಸಿ, ಸೂಜಿಯನ್ನು ಬಟ್ಟೆಯೊಳಗೇ ಇಳಿಸುತ್ತಿದ್ದಳು. ಬಟ್ಟೆ ಒತ್ತಿ ಹಿಡಿಯುವ ಪಾದವೂ ಕೆಳಗೇ ಇರುತ್ತಿತ್ತು. ಉಳಿದ ಬಟ್ಟೆಯನ್ನು ಸುರುಳಿ ಸುತ್ತಿ ಮಷೀನಿನ ತೋಳಿನ ಕೆಳಗೆ ತಳ್ಳಿ, ಮೇಲೆ ಮರದ ಮುಚ್ಚಳ ಇಟ್ಟರೆ ಆಯಿತು. ನಾನು ಆ ಮುಚ್ಚಳದ ಮೇಲೆ ಪುಸ್ತಕ ಇಟ್ಟು ಹೋಂವರ್ಕ್ ಮಾಡಿದ್ದೇನೆ. ಒಳಗೆ ಸೂಜಿ ಅದೇ ಹೊಲಿಗೆಯಲ್ಲಿ ನಿಂತಿರುತ್ತಿತ್ತು. ಮತ್ತೆ ಬಂದು ಮುಚ್ಚಳ ತೆಗೆದಾಗ ಅವಳಿಗೆ ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ಕಾಲು ತುಳಿಯೋದೊಂದೇ. ಒಮ್ಮೆ ನಾನು ಕುತೂಹಲಕ್ಕೆ ಮುಚ್ಚಳ ತೆಗೆದು ಬಟ್ಟೆ ಎಳೆದುಬಿಟ್ಟೆ. ಸೂಜಿ ಬಾಗಿತು. ಅವಳು ಸೂಜಿಗೆ ಬೈಯಲಿಲ್ಲ, "ನಾನು ಎಲ್ಲಿದ್ದೆ ಅನ್ನೋದನ್ನ ಕಳೆದುಬಿಟ್ಟೆಯಲ್ಲೋ" ಅಂತ ಬೈದಳು.

ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಮುದ್ರಣಾಲಯಗಳಲ್ಲೂ ಇದೇ ಉಪಾಯ. ಮೊಳೆ ಜೋಡಿಸುವವರು ಕೈಯಲ್ಲಿ ಹಿಡಿಯುತ್ತಿದ್ದ ಪಟ್ಟಿಯಲ್ಲಿ ಕೆಲವೇ ಸಾಲು ಹಿಡಿಯುತ್ತಿತ್ತು. ಅದು ತುಂಬಿದ ಹಾಗೆ ಸಾಲುಗಳನ್ನು ಅಂಚು ಇರುವ ಒಂದು ಉದ್ದನೆಯ ಲೋಹದ ತಟ್ಟೆಗೆ ಜಾರಿಸಿ, ದಾರದಿಂದ ಬಿಗಿದು ಇಡುತ್ತಿದ್ದರು. ಅದರ ಹೆಸರು ಗ್ಯಾಲಿ. ಪುಸ್ತಕದ ಕರಡಚ್ಚಿಗೆ ಗ್ಯಾಲಿ ಪ್ರೂಫ್ ಅನ್ನೋ ಹೆಸರು ಬಂದದ್ದು ಅದರಿಂದಲೇ. ಸಾವಿರಾರು ಬಿಡಿ ಮೊಳೆ, ಒಂದು ಬಿದ್ದರೂ ಕಷ್ಟ, ಪುಟ ಇನ್ನೂ ಮುಗಿದಿಲ್ಲ, ಮೇಜು ಬೇರೆ ಕೆಲಸಕ್ಕೆ ಬೇಕು. ಹಾಗಾಗಿ ಗ್ಯಾಲಿಯನ್ನು ಎತ್ತಿ ಅದಕ್ಕೆಂದೇ ಇರುವ ಕಪಾಟಿನ ಸಂದಿಗೆ ತೂರಿಸೋದು. ಅರ್ಧ ಪುಟಗಳೇ ತುಂಬಿದ ಕಪಾಟು ಅದು.

ನನಗೆ ಬೇಕಾದದ್ದು ಅಂಥದ್ದೇ ಒಂದು ಕಪಾಟು ಅಂತ ಹೊಳೆದ ಮೇಲೆ ಕೋಣೆಯ ಆಸೆ ತಾನಾಗೇ ಕಮ್ಮಿಯಾಯಿತು.

ಕೈ ಓಡಾಡುವ ಜಾಗ

ಮೊದಲು ಅಳತೆ. ಊಟದ ಟೇಬಲ್ ಮೇಲೆ ಮೂರು ವಾರ ಕೆಲಸ ಮಾಡುವಾಗ, ನನ್ನ ಕೈ ನಿಜವಾಗಿ ಎಲ್ಲೆಲ್ಲಿ ಹೋಗುತ್ತದೆ ಅಂತ ಮಾಸ್ಕಿಂಗ್ ಟೇಪಿನಿಂದ ಗುರುತು ಹಾಕಿದೆ. (ಟೇಪು ಅಲ್ಲೇ ಅಂಟಿಕೊಂಡಿದ್ದಕ್ಕೆ ಮಗಳು ಅದನ್ನು ಪಾರ್ಕಿಂಗ್ ಅಂತ ಕರೆದು, ಆಟದ ಕಾರುಗಳನ್ನು ನಿಲ್ಲಿಸಿದಳು.) ಬಂದ ಅಳತೆ ನೋಡಿ ನನಗೇ ನಾಚಿಕೆಯಾಯಿತು. ಗಡಿಯಾರವಿರಲಿ ರೇಡಿಯೋ ಇರಲಿ, ಕೆಲಸವೆಲ್ಲಾ ಒಂದು ಎ3 ಕಟಿಂಗ್ ಮ್ಯಾಟಿನ ಮೇಲೆ ಮುಗಿಯುತ್ತಿತ್ತು. ಅಂದರೆ ಸುಮಾರು 42 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಮೊಣಕೈಯನ್ನು ಪಕ್ಕೆಗೆ ಒರಗಿಸಿಕೊಂಡು ಮುಂಗೈ ಆಡಿಸಿದರೆ ಎಷ್ಟು ದೂರ ಮುಟ್ಟುತ್ತದೋ ಅಷ್ಟೇ ಕೆಲಸದ ಜಾಗ. ತೋಳು ಪೂರ್ತಿ ಚಾಚಿದರೆ ಸಲಕರಣೆ ಇಡುವ ಜಾಗ. ಅದರಾಚೆ ಇರೋದು ಕಸ ಸೇರುವ ಜಾಗ. 60 ಸೆಂ.ಮೀ.ಗಿಂತ ಆಳದ ಟೇಬಲ್ ಯಾರ ಮನೆಯಲ್ಲಿದ್ದರೂ ಅದರ ಹಿಂದಿನ ಅರ್ಧ ನೋಡಿ, ಗೊತ್ತಾಗುತ್ತದೆ.

ಅಗಲಕ್ಕಿಂತ ಎತ್ತರ ನನ್ನನ್ನು ಜಾಸ್ತಿ ಕಾಡಿತು. ಸಾಮಾನ್ಯ ಟೇಬಲ್ಲಿನ ಎತ್ತರ 75 ಸೆಂ.ಮೀ. ಆಸುಪಾಸು. ಬರೆಯಲು ಸರಿ, ಗಡಿಯಾರಕ್ಕೆ ತಗ್ಗು. ಕೆಲಸ ಸೂಕ್ಷ್ಮವಾದಷ್ಟೂ ಅದು ಕಣ್ಣಿನ ಹತ್ತಿರ, ಮೊಣಕೈಗಿಂತ ಸ್ವಲ್ಪ ಮೇಲಿರಬೇಕು. ಬಲ ಹಾಕುವ ಕೆಲಸ, ಅಂದರೆ ಗರಗಸ, ಉಜ್ಜುಗೊರಡು ಇವೆಲ್ಲಾ ಮೊಣಕೈಗಿಂತ ಸಾಕಷ್ಟು ಕೆಳಗಿರಬೇಕು, ಮೈಭಾರ ಬೀಳಬೇಕಲ್ಲ. ಗಡಿಯಾರ ರಿಪೇರಿಯವರ ಬೆಂಚು ಎದೆ ಮಟ್ಟಕ್ಕೆ ಬರೋದು ಇದಕ್ಕೇ. ಅವರು ಬಗ್ಗೋದಿಲ್ಲ, ಕೆಲಸವನ್ನೇ ಮೇಲಕ್ಕೆ ಎತ್ತಿಕೊಳ್ಳುತ್ತಾರೆ. ನಾನು ಹಲವು ವರ್ಷ ಬಗ್ಗಿ ಕೂತು, ಕತ್ತು ನೋವಿಗೆ ವಯಸ್ಸು ಕಾರಣ ಅಂದುಕೊಂಡಿದ್ದೆ. ಟೇಬಲ್ ಮೇಲೆ 15 ಸೆಂ.ಮೀ. ಎತ್ತರದ ಒಂದು ಗಟ್ಟಿ ಪೆಟ್ಟಿಗೆ ಮಗುಚಿ ಹಾಕಿ, ಅದರ ಮೇಲೆ ಕೆಲಸ ಇಟ್ಟುಕೊಂಡೆ. ಎರಡು ವಾರದಲ್ಲಿ ನೋವು ಹೋಯಿತು. ಈ ಇಡೀ ವ್ಯವಸ್ಥೆಯಲ್ಲಿ ಒಂದು ಪೈಸೆ ಖರ್ಚಿಲ್ಲದೆ ಸಿಕ್ಕಿದ ಸುಖ ಅದೊಂದೇ.

ಬಟ್ಟೆ ಕಪಾಟಿನ ಒಂದು ಬಾಗಿಲು

ಮಲಗುವ ಕೋಣೆಯ ಗೋಡೆ ಕಪಾಟಿನಲ್ಲಿ ಒಂದು ಬಾಗಿಲಿನ ಹಿಂದಿನ ಜಾಗ ಕೇಳಿದೆ. 90 ಸೆಂ.ಮೀ. ಅಗಲ, 55 ಸೆಂ.ಮೀ. ಆಳ. ಹೆಂಡತಿ ಒಂದೇ ಷರತ್ತು ಹಾಕಿದಳು: "ಬಾಗಿಲು ಹಾಕಿದ ಮೇಲೆ ಏನೂ ಕಾಣಬಾರದು, ಏನೂ ನಾರಬಾರದು." ಈ ಎರಡು ಮಾತು ನನಗೆ ಯಾವ ನಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬಂದವು. ಒಳಗಿನ ಎರಡು ಅಡ್ಡ ಹಲಗೆ ತೆಗೆದೆ. ಟೇಬಲ್ಲಿನ ಎತ್ತರಕ್ಕೆ ಒಂದು ಹಲಗೆ ಗಟ್ಟಿ ಮಾಡಿ, ಅದರ ಮುಂದಿನ ಅಂಚಿಗೆ ಹಿಂಜ್ ಹಾಕಿ 40 ಸೆಂ.ಮೀ.ನ ಇನ್ನೊಂದು ಹಲಗೆ ಸೇರಿಸಿದೆ. ಬಾಗಿಲು ತೆರೆದು ಅದನ್ನು ಮುಂದಕ್ಕೆ ಬಿಡಿಸಿದರೆ ಕಾಲು ಚಾಚಲು ಕೆಳಗೆ ಜಾಗ ಸಿಗುತ್ತದೆ. ಮಡಚಿದರೆ ಬಾಗಿಲು ಮುಚ್ಚುತ್ತದೆ. ಇದನ್ನು ಹೇಳಿದಷ್ಟು ಸುಲಭವಾಗಿ ಮಾಡಲಿಲ್ಲ. ಮೊದಲ ಸಲ ಹಿಂಜನ್ನು ತಿರುಗಾಮುರುಗಾ ಹಾಕಿ, ಹಲಗೆ ಕೆಳಕ್ಕೆ ಮಡಚೋ ಬದಲು ಮೇಲಕ್ಕೆ ಏಳುವ ಹಾಗೆ ಮಾಡಿದ್ದೆ.

ಕಪಾಟಿನೊಳಗೆ ಕತ್ತಲು. ಮೇಲಿನ ಹಲಗೆಯ ಅಡಿಗೆ ಎಲ್‌ಇಡಿ ಪಟ್ಟಿ ಅಂಟಿಸಿದೆ, ಜೊತೆಗೆ ಬಗ್ಗುವ ಕತ್ತಿನ ಒಂದು ಸಣ್ಣ ದೀಪ. ದೀಪದ ವಿಷಯದಲ್ಲಿ ದೊಡ್ಡ ವ್ಯಾಟಿಗಿಂತ ಹತ್ತಿರ ತರೋದು ಮುಖ್ಯ. ಸಣ್ಣ ದೀಪವನ್ನು ಅರ್ಧ ದೂರಕ್ಕೆ ಎಳೆದುಕೊಂಡರೆ ಕೆಲಸದ ಮೇಲೆ ಸುಮಾರು ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಬಲಗೈಯವರಾದರೆ ಎಡಗಡೆಯಿಂದ ಬರಲಿ, ಕೈಯ ನೆರಳು ಕೆಲಸದ ಮೇಲೆ ಬೀಳೋದಿಲ್ಲ. ಬಣ್ಣ ಸರಿಯಾಗಿ ತೋರಿಸುವ ದೀಪವೂ ಬೇಕು. ಡಬ್ಬದ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚು ಅಂತ ಇದ್ದರೆ ಒಳ್ಳೆಯದು. ನಾನು ಅಗ್ಗದ ಬಲ್ಬಿನ ಕೆಳಗೆ ರೆಸಿಸ್ಟರಿನ (ರೇಡಿಯೋದೊಳಗಿನ ಸಣ್ಣ ಬಿಡಿಭಾಗ, ಅದರ ಅಂಕಿಗಳನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸಿರುತ್ತಾರೆ) ಕಂದು ಪಟ್ಟಿಯನ್ನು ಕೆಂಪು ಅಂದುಕೊಂಡು, 1 ಇರಬೇಕಾದಲ್ಲಿ 2 ಓದಿ, ಒಂದು ಸಂಜೆ ಪೂರ್ತಿ ತಪ್ಪು ಹುಡುಕಿದ್ದೇನೆ.

ಏನೂ ನಾರಬಾರದು ಅನ್ನೋ ಷರತ್ತು ಸಾಲ್ಡರಿಂಗಿಗೆ, ಅಂದರೆ ಲೋಹ ಕರಗಿಸಿ ತಂತಿಗಳನ್ನು ಬೆಸೆಯುವ ಕೆಲಸಕ್ಕೆ, ಬಂದು ಮುಟ್ಟಿತು. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ವರ್ಷಗಟ್ಟಲೆ ನಾನು ಊಟದ ಟೇಬಲ್ ಮೇಲೇ ಸಾಲ್ಡರ್ ಮಾಡುತ್ತಿದ್ದೆ. ಹೊಗೆಯಲ್ಲಿ ಸೀಸ ಇರುತ್ತದೆ ಅಂತ ಹೆದರಿ ಕಿಟಕಿ ತೆಗೆದಿಡುತ್ತಿದ್ದೆ, ಕೈ ಮಾತ್ರ ತೊಳೆಯುತ್ತಿರಲಿಲ್ಲ. ಎರಡೂ ಉಲ್ಟಾ. ತವರ 63, ಸೀಸ 37 ಇರುವ ಸಾಲ್ಡರ್ ಕರಗೋದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದನ್ನು ಕರಗಿಸುವ ಸಾಲ್ಡರಿಂಗ್ ಐರನ್ನಿನ ತುದಿ ಇರೋದು ಸುಮಾರು 350 ಡಿಗ್ರಿ. ಸೀಸ ಕುದಿಯೋಕೆ 1,700 ಡಿಗ್ರಿ ದಾಟಬೇಕು. ಮೇಲೇಳೋ ಹೊಗೆ ಮುಖ್ಯವಾಗಿ ಫ್ಲಕ್ಸಿನ, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲೆಂದು ಸಾಲ್ಡರಿನ ಜೊತೆ ಇರುವ ರಾಳದ್ದು. ಅದೇನೂ ಸಾಧುವಲ್ಲ, ದಿನಾ ಕುಡಿದರೆ ಅಸ್ತಮಾ ಬರಬಹುದು, ಅದಕ್ಕೆ ಫ್ಯಾನು ಬೇಕೇ ಬೇಕು. ಸೀಸ ಬರೋದು ಬೆರಳಿನಿಂದ ಬಾಯಿಗೆ, ಟೇಬಲ್ ಮೇಲೆ ಸಿಡಿದ ಸಣ್ಣ ಸಣ್ಣ ಹನಿಗಳಿಂದ. ಮಗಳು ತಟ್ಟೆ ಇಟ್ಟು ಕೂರುವ ಟೇಬಲ್ ಅದು. ಇದು ತಲೆಗೆ ಹೊಕ್ಕ ದಿನವೇ ಊಟದ ಟೇಬಲ್ಲಿನ ಮೇಲೆ ಐರನ್ ಇಡೋದು ನಿಲ್ಲಿಸಿದೆ. ಈಗ ಕಪಾಟಿನ ಹಲಗೆಯ ಮೇಲೆ ಮಾತ್ರ, ಕಿಟಕಿ ಕಡೆಗೆ ಹೊಗೆ ಎಳೆಯುವ ಸಣ್ಣ ಫ್ಯಾನ್ ಇಟ್ಟು. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಸೋಪು ಹಾಕಿ ಕೈ ತೊಳೆದು ಏಳೋದು.

ಕಪಾಟಿನ ಕೆಲಸಕ್ಕೆ ಇನ್ನೊಂದು ಭಯ ಇದೆ. ಬಿಸಿ ಐರನ್ ಒಳಗಿಟ್ಟು ಬಾಗಿಲು ಹಾಕಿಬಿಟ್ಟರೆ? ಪಕ್ಕದಲ್ಲೇ ಬಟ್ಟೆ ತುಂಬಿದ ಕಪಾಟು. ಅದಕ್ಕೆ ಐರನ್ನಿನ ಪ್ಲಗ್ಗು ಚುಚ್ಚುವ ವಿದ್ಯುತ್ತಿನ ಪಟ್ಟಿಯನ್ನು ಹೊರಗೆ, ಬಾಗಿಲ ಪಕ್ಕ ಹಾಕಿದೆ. ಅದರ ಕೆಂಪು ದೀಪ ಉರಿಯುತ್ತಿದ್ದರೆ ಬಾಗಿಲು ಮುಚ್ಚುವ ಹಾಗಿಲ್ಲ. ಆರಿದ ಮೇಲೂ ಐರನ್ ಕೈಗೆ ತಣ್ಣಗಾಗುವವರೆಗೆ ಹಲಗೆ ಮಡಚೋದಿಲ್ಲ. ಲಿಥಿಯಂ ಬ್ಯಾಟರಿ ಚಾರ್ಜ್ ಮಾಡೋದು ಕಪಾಟಿನೊಳಗೆ ಯಾವತ್ತೂ ಇಲ್ಲ, ಮನೆಯವರೆಲ್ಲಾ ಮಲಗಿದ ಮೇಲಂತೂ ಇಲ್ಲವೇ ಇಲ್ಲ.

ಕೆಲವು ಹವ್ಯಾಸಗಳನ್ನು ಈ ಮನೆ ಒಪ್ಪಲಿಲ್ಲ. ಮರ ಉಜ್ಜೋದು ಅದರಲ್ಲಿ ಮೊದಲನೇದು. ಮರದ ನುಣ್ಣನೆ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ಮಲಗುವ ಕೋಣೆಯಲ್ಲಿ ಅದನ್ನು ಹಾರಿಸೋದು ಬೇಡ. ಸ್ಪ್ರೇ ಬಣ್ಣ, ರೆಸಿನ್, ಇವೂ ಹೊರಗೇ. ಒಂದು ಉಜ್ಜುಗೊರಡು ಇತ್ತು, ಗೆಳೆಯನಿಗೆ ಕೊಟ್ಟೆ. ಬೇಜಾರಾಯಿತಾ? ಆಯಿತು. ಇನ್ನೂ ಇದೆ.

ಸಲಕರಣೆ, ಸ್ವಲ್ಪವೇ

ಹೆನ್ರಿ ಸ್ಟಡ್ಲಿ ಅಂತ ಒಬ್ಬರು ಇದ್ದರು, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪಿಯಾನೋ ಮಾಡುತ್ತಿದ್ದವರು, 1838ರಲ್ಲಿ ಹುಟ್ಟಿ 1925ರಲ್ಲಿ ತೀರಿಕೊಂಡವರು. ಅವರ ಸಲಕರಣೆ ಪೆಟ್ಟಿಗೆಯ ಚಿತ್ರ ಒಮ್ಮೆ ನೋಡಿದರೆ ಮರೆಯೋದು ಕಷ್ಟ. ಗೋಡೆಗೆ ತೂಗುಹಾಕುವ ಮಹಾಗನಿ ಪೆಟ್ಟಿಗೆ. ತೆರೆದರೆ ಗೋಡೆಯ ಮೇಲೆ ಸುಮಾರು 40 ಇಂಚು ಉದ್ದ, 40 ಇಂಚು ಅಗಲ. ಅಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಸಲಕರಣೆ, ಒಂದರ ಮೇಲೊಂದು ಪದರ, ಪ್ರತಿಯೊಂದಕ್ಕೂ ಅದರ ಆಕಾರದ್ದೇ ಗೂಡು. ಸಣ್ಣ ಜಾಗ ಅಂದ ಕೂಡಲೇ ಎಲ್ಲರೂ ಇದನ್ನು ತೋರಿಸುತ್ತಾರೆ. ನನಗೂ ಅದು ಇಷ್ಟ, ಚಿತ್ರದಲ್ಲಿ. ದಿನವೂ ಅದೇ ಕೆಲಸ ಮಾಡಿ, ಯಾವುದು ಯಾವಾಗ ಬೇಕು ಅಂತ ಬಲ್ಲವರ ಪೆಟ್ಟಿಗೆ ಅದು. ವಾರಕ್ಕೆ ಮೂರು ಗಂಟೆ ಕೂರುವ ನನ್ನಂಥವನು ಅದನ್ನು ನಕಲು ಮಾಡಲು ಹೋದರೆ, ಪೆಟ್ಟಿಗೆ ಮಾಡುವುದೇ ಹವ್ಯಾಸವಾಗಿ ಗಡಿಯಾರ ಡಬ್ಬದಲ್ಲೇ ಉಳಿಯುತ್ತದೆ.

ನಾನು ಮಾಡಿದ್ದು ಇಷ್ಟು. ಇದ್ದ ಸಲಕರಣೆಯನ್ನೆಲ್ಲಾ ಒಂದು ರಟ್ಟಿನ ಪೆಟ್ಟಿಗೆಗೆ ಸುರಿದೆ. ಕೆಲಸಕ್ಕೆ ಬೇಕಾದಾಗ ತೆಗೆದದ್ದನ್ನು ವಾಪಸ್ ಹಾಕಲಿಲ್ಲ, ಕಪಾಟಿನಲ್ಲಿಟ್ಟೆ. ಎರಡು ತಿಂಗಳಾದಾಗ ಕಪಾಟಿನಲ್ಲಿ ಇದ್ದದ್ದು ಹನ್ನೊಂದು. ನಾಲ್ಕು ಸ್ಕ್ರೂಡ್ರೈವರ್, ಎರಡು ಚಿಮಟ, ಮೂತಿ ಚೂಪಿನ ಒಂದು ಇಕ್ಕಳ, ತಂತಿ ಕತ್ತರಿಸೋದು, ಭೂತಗನ್ನಡಿ, ಬ್ರಷ್ಷು, ಮೀಟರು. ಇವು ಬಟ್ಟೆಯ ಒಂದು ಸುರುಳಿಯಲ್ಲಿ ಹಿಡಿಯುತ್ತವೆ. ಉಳಿದದ್ದು ಮಂಚದ ಕೆಳಗೆ, ಪೆಗ್‌ಬೋರ್ಡ್ ಬೇರೆಯವರ ಮನೆಯಲ್ಲಿ. ಸಲಕರಣೆ ಹಿಡಿಯುವ ಅಯಸ್ಕಾಂತದ ಪಟ್ಟಿಯನ್ನೂ ತೆಗೆದೆ. ಚೆನ್ನಾಗೇ ಕಾಣುತ್ತಿತ್ತು. ಆದರೆ ಗಡಿಯಾರದ ಉಕ್ಕಿನ ಕೂದಲೆಳೆ ಸ್ಪ್ರಿಂಗಿಗೆ ಅಯಸ್ಕಾಂತ ತಗುಲಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಡಿಯಾರ ಹುಚ್ಚು ಹಿಡಿದ ಹಾಗೆ ಮುಂದೆ ಓಡುತ್ತದೆ. ಚಿಮಟಕ್ಕೆ ಅಯಸ್ಕಾಂತ ಹಿಡಿದರೂ ಸಾಕು, ಸಣ್ಣ ಸ್ಕ್ರೂ ಅದನ್ನು ಬಿಡೋದೇ ಇಲ್ಲ.

ಟ್ರೇಗಳು

ಕಡೆಗೆ ಮಾಡಿದ್ದು, ಮೊದಲು ಮಾಡಬೇಕಾಗಿದ್ದು, ಟ್ರೇ. 6 ಮಿ.ಮೀ. ಪ್ಲೈವುಡ್ ತಳ, ಸುತ್ತ 3 ಸೆಂ.ಮೀ. ಎತ್ತರದ ಅಂಚು, ಒಳಗೆ ಒಂದು ಎ3 ಮ್ಯಾಟ್ ಸರಿಯಾಗಿ ಕೂರುವಷ್ಟು. ಕಪಾಟಿನ ಎಡಭಾಗದಲ್ಲಿ ಎದುರುಬದುರು ರೀಪರ್ ಪಟ್ಟಿ ಹೊಡೆದು ಸಂದಿ ಮಾಡಿದೆ, ಗ್ಯಾಲಿ ಕಪಾಟಿನ ಹಾಗೇ. ಟ್ರೇ ಎಳೆದು, ಬಿಡಿಸಿದ ಹಲಗೆಯ ಮೇಲೆ ಇಟ್ಟು, ಟ್ರೇಯೊಳಗೇ ಕೆಲಸ ಮಾಡೋದು. ಟ್ರೇಯಿಂದ ಟೇಬಲ್‌ಗೆ ಏನನ್ನೂ ವರ್ಗಾಯಿಸೋದಿಲ್ಲ. ಟೇಬಲ್ ಅನ್ನೋದು ಟ್ರೇ ಇಡುವ ಒಂದು ಜಾಗ ಅಷ್ಟೇ. ಯಾರಾದರೂ ಬಂದರೆ ಟ್ರೇಯನ್ನು ಹಾಗೇ ಎತ್ತಿ ಸಂದಿಗೆ ತೂರಿಸೋದು, ಹಲಗೆ ಮಡಚೋದು, ಬಾಗಿಲು ಹಾಕೋದು. ಗಡಿಯಾರ ಹಿಡಿದು ನೋಡಿದೆ, ನಲವತ್ತು ಸೆಕೆಂಡು. ಐರನ್ ಬಿಸಿ ಇರುವ ದಿನ ಮಾತ್ರ ಈ ಲೆಕ್ಕ ನಡೆಯೋದಿಲ್ಲ.

ಅಂಚಿನ ಲಾಭ ನಾನು ಊಹಿಸಿರಲಿಲ್ಲ. ಬಿದ್ದದ್ದು ಟ್ರೇಯಲ್ಲೇ ಬೀಳುತ್ತದೆ. ಒಡವೆ ಮಾಡುವವರ ಬೆಂಚಿನಲ್ಲಿ ಮುಂದೆ ಅರ್ಧಚಂದ್ರದ ಹಾಗೆ ಕೊರೆದು, ಕೆಳಗೆ ಚರ್ಮದ ಜೋಳಿಗೆ ಕಟ್ಟಿರುತ್ತಾರೆ, ಬಂಗಾರದ ಪುಡಿ ನೆಲಕ್ಕೆ ಹೋಗಬಾರದು ಅಂತ. ನನ್ನ ಹತ್ತಿರ ಬಂಗಾರ ಇಲ್ಲ. ಆದರೆ 1 ಮಿ.ಮೀ. ದಪ್ಪದ ಸ್ಕ್ರೂ ಒಂದು ಮಂಚದ ಕೆಳಗೆ ಉರುಳಿದಾಗ ಅದರ ಬೆಲೆ ಬಂಗಾರಕ್ಕಿಂತ ಕಮ್ಮಿ ಅನ್ನಿಸಿಲ್ಲ. ಟ್ರೇ ತಳಕ್ಕೆ ತಿಳಿ ಬಣ್ಣದ ಬಟ್ಟೆ ಅಂಟಿಸಿದ್ದೇನೆ. ಬಿದ್ದದ್ದು ಪುಟಿಯೋದಿಲ್ಲ, ಕಾಣುತ್ತದೆ ಕೂಡ.

ತಪ್ಪೂ ಆಯಿತು. ಎಲ್ಲಾ ಸಂದಿಯನ್ನೂ 8 ಸೆಂ.ಮೀ. ಅಂತರದಲ್ಲಿ ಹೊಡೆದಿದ್ದೆ. ಚಕ್ರಗಳಿಗೆ ಅದು ಧಾರಾಳ. ಮೊದಲ ರೇಡಿಯೋ ಬಂದಾಗ ಅದರ ಕವಚ ಒಳಗೆ ಹೋಗಲಿಲ್ಲ. ಒಂದು ಜೊತೆ ಪಟ್ಟಿ ಕಿತ್ತು ಹಾಕಿದೆ. ನಾಲ್ಕು ಟ್ರೇ ಅಂತ ಹೊರಟವನು ಮೂರಕ್ಕೆ ಬಂದೆ. ಆಮೇಲೆ ನೋಡಿದರೆ ಮೂರೇ ಸರಿ. ಟ್ರೇ ಖಾಲಿ ಇಲ್ಲದಿದ್ದರೆ ಹೊಸ ಗಡಿಯಾರ ಬಿಚ್ಚೋ ಹಾಗಿಲ್ಲ ಅನ್ನೋ ನಿಯಮ ತಾನಾಗೇ ಬಂತು. ಈ ನಿಯಮವನ್ನು ನಾನು ಎರಡು ಸಲ ಮುರಿದಿದ್ದೇನೆ. ಮಂಚದ ಕೆಳಗೆ ಇರುವ ರಟ್ಟಿನ ಮುಚ್ಚಳವನ್ನು ಟ್ರೇ ಅಂತ ಲೆಕ್ಕ ಹಾಕೋದಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ.

ಆ ನಾಲ್ಕು ತಿಂಗಳ ಡಬ್ಬ ಇಳಿದದ್ದು ಮೊದಲ ಟ್ರೇಗೆ. ಹಲ್ಲು ಎಣಿಸಿ, ಅಕ್ಷದ ಉದ್ದ ಹೋಲಿಸಿ, ಒಂದೊಂದೇ ಚಕ್ರಕ್ಕೆ ಜಾಗ ಹುಡುಕಿದೆ. ಹನ್ನೆರಡು ಸಂಜೆ ಹಿಡಿಯಿತು. ಯಾವ ಸಂಜೆಯೂ ಅರ್ಧ ಗಂಟೆಗಿಂತ ಜಾಸ್ತಿ ಇರಲಿಲ್ಲ, ಒಂದು ಸಂಜೆ ಆರೇ ನಿಮಿಷ. ಆರು ನಿಮಿಷದಲ್ಲಿ ಒಂದು ಚಕ್ರದ ಹಲ್ಲು ಎಣಿಸಿ, ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅದರ ಪಕ್ಕ ಇಟ್ಟು ಎದ್ದಿದ್ದೆ. ಮೊದಲಾಗಿದ್ದರೆ ಅಷ್ಟು ಹೊತ್ತಿನಲ್ಲಿ ಪೇಪರ್ ಕೂಡ ಹಾಸುತ್ತಿರಲಿಲ್ಲ. ಜೋಸೆಫ್ ಕಾರ್ನೆಲ್ ಅನ್ನೋ ಅಮೆರಿಕದ ಕಲಾವಿದ ತನ್ನ ಗಾಜಿನ ಪೆಟ್ಟಿಗೆಗಳ ಕಲಾಕೃತಿಗಳನ್ನು ಮೊದಮೊದಲು ಮಾಡುತ್ತಿದ್ದದ್ದು ತಾಯಿ, ತಮ್ಮ ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲಂತೆ. ಬೆಳಿಗ್ಗೆ ಆ ಮೇಜನ್ನು ಹೇಗೆ ಖಾಲಿ ಮಾಡುತ್ತಿದ್ದ ಅಂತ ನನಗೆ ಈಗ ಭಾರೀ ಕುತೂಹಲ. ಕಲೆಯ ಬಗ್ಗೆ ಬರೆಯುವವರಿಗೆ ಅದೊಂದು ವಿಷಯ ಅಂತಲೇ ಅನ್ನಿಸೋದಿಲ್ಲ, ನೋಡಿ.

ಟ್ರೇ ಸಾಲನ್ನು ಕಾಪಾಡುತ್ತದೆ, ಯೋಚನೆಯನ್ನು ಕಾಪಾಡೋದಿಲ್ಲ. ಅದಕ್ಕೆ ಚೀಟಿ. ಏಳುವ ಮೊದಲು ಒಂದು ಸಾಲು ಬರೆದು ಟ್ರೇಯಲ್ಲೇ ಇಡುತ್ತೇನೆ. ಏನು ಮಾಡಿದೆ ಅಂತ ಬರೆಯೋದಿಲ್ಲ, ಅದು ಕಾಣುತ್ತದೆ. ಮುಂದೆ ಕೈ ಎಲ್ಲಿಡಬೇಕು ಅಂತ ಬರೆಯುತ್ತೇನೆ. "ಡಯಲ್ ದಾರ: ಶಾಫ್ಟಿಗೆ ಎರಡೂವರೆ ಸುತ್ತು, ಕೆಳಗಿನಿಂದ." "ಎಡಗಡೆ ಮೇಲಿನ ಸ್ಕ್ರೂ ಬಿಗಿ ಮಾಡಿಲ್ಲ." "ಈ ಕೆಪಾಸಿಟರ್ ಮೇಲೆ ನಂಬಿಕೆ ಇಲ್ಲ, ಮೊದಲು ಇದನ್ನು ಅಳೆ." ಅಮ್ಮನಿಗೆ ಇದನ್ನೆಲ್ಲಾ ತೋರಿಸಿದೆ. ಟ್ರೇ ಎಳೆದು ನೋಡಿದಳು, ಚೀಟಿ ಓದಿದಳು. "ಇಷ್ಟೆಲ್ಲಾ ಬರೀಬೇಕೇನೋ? ಸೂಜಿ ಇಳಿಸಿಟ್ಟರೆ ಆಗೋದಿಲ್ವಾ?" ಅಂದಳು. ಗಡಿಯಾರಕ್ಕೆ ಸೂಜಿ ಇಲ್ಲಮ್ಮಾ ಅಂತ ಹೇಳಿ ನೋಡಿದೆ. ಅವಳಿಗೆ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ನಿನ್ನೆ ರಾತ್ರಿ ಎರಡನೇ ಟ್ರೇ ಎಳೆದೆ. ಮೂರು ವಾರದಿಂದ ಮುಟ್ಟಿರಲಿಲ್ಲ. ಒಳಗೆ ಒಂದು ಚಿಕ್ಕ ರೇಡಿಯೋ, ದಾರ ಕಳಚಿದ ಡಯಲ್ಲು, ಆಮೇಲೆ ನನ್ನದೇ ಕೈಬರಹದ ಒಂದು ಚೀಟಿ: "ಇದನ್ನ ಮಾತ್ರ ಮರೀಬೇಡ." ಪಕ್ಕದಲ್ಲಿ ದಪ್ಪಗೆ ಒಂದು ಬಾಣ. ಬಾಣ ತೋರಿಸುವ ಕಡೆ ಖಾಲಿ ಬಟ್ಟೆ ಬಿಟ್ಟರೆ ಏನೂ ಇಲ್ಲ. ಮಗಳನ್ನು ಕೇಳಿದೆ. "ನಾನು ಮುಟ್ಟಿಲ್ಲಪ್ಪಾ" ಅಂದಳು, ಕೇಳೋದಕ್ಕಿಂತ ಸ್ವಲ್ಪ ಮೊದಲೇ. ಟಾರ್ಚ್ ಹಿಡಿದು ಟ್ರೇಯ ನಾಲ್ಕೂ ಮೂಲೆ ನೋಡಿ ಆಯಿತು. ಇವತ್ತು ಮಂಚದ ಕೆಳಗೆ ನೋಡಬೇಕು.